ಬಸ್ಸನ್ನು ಮನೆ ಮಾಡಿಕೊಂಡೆವು, ಎರಡೇ ಪ್ರವಾಸಕ್ಕೆ ಹೆದರಿದೆವು: ಮಾರಬೇಕಾ, ಸರಿ ಮಾಡಿಸಬಹುದಾ?

ಪ್ರಶ್ನೆ: ನಾವು ಹಾಸನದವರು. ನಮ್ಮ ಮನೆಯವರಿಗೆ ಹಾರ್ಡ್‌ವೇರ್ ಅಂಗಡಿ, ನಾನು ಹೈಸ್ಕೂಲ್ ಟೀಚರ್. ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಜೊತೆಗೆ ಅತ್ತೆ ಇದ್ದಾರೆ. ಒಂದು ಶಾಲೆಯವರು ಮಾರಿದ 20 ಸೀಟಿನ ಹಳೇ ಮಿನಿ ಬಸ್ ತಗೊಂಡು, ಗೊತ್ತಿರುವ ಬಡಗಿ ಕೈಲಿ ಒಳಗೆ ಎರಡು ಮಂಚ, ಅಡುಗೆ ಕಟ್ಟೆ, ಕಪಾಟು ಮಾಡಿಸಿದೆವು. ಮೇಲೆ 300 ಲೀಟರಿನ ನೀರಿನ ಟ್ಯಾಂಕ್ ಕೂರಿಸಿದ್ದೇವೆ. ಡಿಸೆಂಬರ್‌ನಲ್ಲಿ ಮೊದಲ ಸಲ ಬಾಳ್ಳುಪೇಟೆ ಹತ್ತಿರ ಪರಿಚಯದವರ ಕಾಫಿ ತೋಟದಲ್ಲಿ ಉಳಿದೆವು. ಮಕ್ಕಳಿಗೆ ಖುಷಿಯೋ ಖುಷಿ. ಚಳಿ ಜಾಸ್ತಿ ಅಂತ ಕಿಟಕಿಯೆಲ್ಲ ಮುಚ್ಚಿ, ಅತ್ತೆಯವರ ಮಂಚದ ಹತ್ತಿರ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದೆವು. ಬೆಳಗ್ಗೆ ಎಲ್ಲರಿಗೂ ತಲೆನೋವು, ಮಗ ವಾಂತಿ ಮಾಡಿಕೊಂಡ. ಪ್ರಯಾಣದ ಆಯಾಸ ಅಂದುಕೊಂಡೆವು. ಚಾವಣಿಯಿಂದ ನೀರು ಬೇರೆ ತೊಟ್ಟಿಕ್ಕುತ್ತಿತ್ತು. ಎರಡನೇ ಸಲ ಬೇಲೂರು, ಮೂಡಿಗೆರೆ ಮೇಲೆ ಧರ್ಮಸ್ಥಳಕ್ಕೆ ಹೊರಟೆವು. ಚಾರ್ಮಾಡಿ ಘಾಟಿಯಲ್ಲಿ ಅಣ್ಣಪ್ಪಸ್ವಾಮಿ ಗುಡಿ ದಾಟಿ ಇಳಿಯುವಾಗ ಸುಟ್ಟ ವಾಸನೆ ಬಂತು. ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೇ ಹೋಯಿತು. ಹೇಗೋ ನಿಲ್ಲಿಸಿದರು. ಮುಂದೆ ಪೊಲೀಸರು ತಡೆದು, ಸ್ಕೂಲ್ ಬಸ್ಸಿನಲ್ಲಿ ಮಂಚ ಯಾಕೆ ಅಂತ ಕೇಳಿದರು. ಗ್ಯಾಸ್ ಇಟ್ಟುಕೊಂಡು ತಿರುಗೋದು ಬಾಂಬ್ ಇಟ್ಟುಕೊಂಡ ಹಾಗೆ, ಮಾರಿಬಿಡಿ ಅಂತ ನೆಂಟರು ಹೇಳ್ತಾರೆ. ಅತ್ತೆಯವರು ಇನ್ನು ಬರೋದೇ ಇಲ್ಲ ಅಂತಿದ್ದಾರೆ. ನಮಗೆ ಬೇಸಿಗೆ ರಜೆಯಲ್ಲಿ ಕೆಮ್ಮಣ್ಣುಗುಂಡಿಗೆ ಹೋಗುವ ಆಸೆ. ಏನು ಮಾಡೋಣ?

ಉತ್ತರ: ನಿಮ್ಮ ಪತ್ರದಲ್ಲಿ ಬ್ರೇಕು, ಪೊಲೀಸು, ಗ್ಯಾಸು ಮೂರೂ ದೊಡ್ಡ ಚಿಂತೆಗಳಾಗಿ ಕಾಣುತ್ತವೆ. ತಲೆನೋವಿನ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಎರಡು ಪ್ರವಾಸಗಳಲ್ಲಿ ನಿಮ್ಮ ಕುಟುಂಬ ಅತಿ ದೊಡ್ಡ ಅಪಾಯಕ್ಕೆ ಸಿಕ್ಕಿದ್ದು ಚಾರ್ಮಾಡಿಯ ತಿರುವಿನಲ್ಲಿ ಅಲ್ಲ. ಬಾಳ್ಳುಪೇಟೆಯ ತೋಟದಲ್ಲಿ, ಗಾಡಿ ನಿಂತಿದ್ದಾಗ, ಎಲ್ಲರೂ ಮಲಗಿದ್ದಾಗ.

ಒಟ್ಟಿಗೆ ಮಲಗಿದ್ದ ಐದೂ ಜನ ಒಟ್ಟಿಗೆ ತಲೆನೋವಿನಿಂದ ಏಳುವುದು ಪ್ರಯಾಣದ ಆಯಾಸದ ಲಕ್ಷಣ ಅಲ್ಲ. ಘಾಟಿಯ ತಿರುವಿಗೆ ಆಗುವ ವಾಂತಿ ಗಾಡಿ ಓಡುವಾಗ ಆಗುತ್ತದೆ, ನಿಂತ ಸ್ವಲ್ಪ ಹೊತ್ತಿಗೆ ಕಮ್ಮಿಯಾಗುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಮಲಗಿ ಎದ್ದ ಮಗು ಯಾಕೆ ವಾಂತಿ ಮಾಡಬೇಕು? ಕಿಟಕಿ ಮುಚ್ಚಿತ್ತು, ಒಳಗೆ ಕೆಂಡ ಇತ್ತು. ಅದು ಕಾರ್ಬನ್ ಮೋನಾಕ್ಸೈಡ್‌ನ ಕೆಲಸ ಎಂದೇ ನಾನು ಹೇಳುತ್ತೇನೆ.

ಕೆಂಡದ ಬಗ್ಗೆ ನಮ್ಮಲ್ಲಿ ಒಂದು ನಂಬಿಕೆ ಇದೆ. ಹೊಗೆ ಇದ್ದರೆ ಮಾತ್ರ ಅಪಾಯ, ನಿಗಿನಿಗಿ ಕೆಂಡದಿಂದ ಏನೂ ಆಗಲ್ಲ ಅಂತ. ಇದು ಪೂರ್ತಿ ತಪ್ಪು. ಹೊಗೆ ಕಣ್ಣಿಗೆ ಉರಿ ಹತ್ತಿಸುತ್ತದೆ, ಕೆಮ್ಮು ಬರಿಸುತ್ತದೆ, ನಾವು ಎದ್ದು ಹೊರಗೆ ಓಡುತ್ತೇವೆ. ಕೆಂಡದಿಂದ ಬರುವ ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಸ್ವಲ್ಪವೇ ಇದ್ದರೂ ರಾತ್ರಿಯಿಡೀ ಉಸಿರಾಡಿದರೆ ರಕ್ತದಲ್ಲಿ ಸೇರುತ್ತಾ ಹೋಗುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ಮಂಪರು. ನಿದ್ದೆಯಲ್ಲಿದ್ದವರಿಗೆ ಇದು ಯಾವುದೂ ಗೊತ್ತಾಗುವುದಿಲ್ಲ. ಮಕ್ಕಳಿಗೂ ವಯಸ್ಸಾದವರಿಗೂ ಬೇಗ ಏರುತ್ತದೆ. ನಿಮ್ಮ ಹಳೇ ಬಸ್ಸಿನ ಬಾಗಿಲು, ಕಿಟಕಿ ಸಂದುಗಳಲ್ಲಿ ಸ್ವಲ್ಪ ಗಾಳಿ ಆಡಿದ್ದರಿಂದ ಆ ರಾತ್ರಿ ತಲೆನೋವಿಗೇ ಮುಗಿದಿರಬೇಕು. ಸಂದುಗಳಿಗೆಲ್ಲ ಹೊಸ ರಬ್ಬರ್ ಹಾಕಿಸಿದ್ದರೆ ಏನಾಗುತ್ತಿತ್ತೋ ಯೋಚಿಸಲು ಭಯವಾಗುತ್ತದೆ.

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ, ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಜನರೇಟರ್‌ನಿಂದ ಬಂದ ಕಾರ್ಬನ್ ಮೋನಾಕ್ಸೈಡ್ ಒಳಗೆ ಸೇರಿದ್ದೇ ಕಾರಣ ಎಂದು ಪರಿಶೀಲನೆಯಲ್ಲಿ ಗೊತ್ತಾಯಿತು. ಅಂದರೆ ಗಾಡಿ ನೋಡಲು ಚೆನ್ನಾಗಿದೆ ಎಂದ ಮಾತ್ರಕ್ಕೆ ಈ ಅಪಾಯ ತಪ್ಪುವುದಿಲ್ಲ. ಮಲಗುವ ಜಾಗದ ಗಾಳಿಗೆ ಉರಿದ ಅನಿಲ ಸೇರಿತಾ ಇಲ್ಲವಾ, ಅಷ್ಟೇ.

ಹಾಗಾಗಿ ಮಲಗುವ ಹೊತ್ತಿನಲ್ಲಿ ಬಸ್ಸಿನೊಳಗೆ ಉರಿಯುವ ವಸ್ತು ಯಾವುದೂ ಬೇಡ. ಅಗ್ಗಿಷ್ಟಿಕೆ ಬೇಡ, ಸ್ಟೌ ಹಚ್ಚಿ ಬಸ್ಸು ಬೆಚ್ಚಗೆ ಮಾಡುವುದು ಬೇಡ, ಎಂಜಿನ್ ಚಾಲೂ ಇಟ್ಟು ಮಲಗುವುದು ಬೇಡ, ಕಿಟಕಿ ಕೆಳಗೆ ಜನರೇಟರ್ ಇಡುವುದೂ ಬೇಡ. ಹಳೇ ಬಸ್‌ಗಳಲ್ಲಿ ಗೇರ್ ಲಿವರ್ ಬುಡದ ರಬ್ಬರ್ ಹರಿದಿರುತ್ತದೆ, ನೆಲದ ತಗಡಿನಲ್ಲಿ ಬೋಲ್ಟ್ ತೆಗೆದ ತೂತುಗಳಿರುತ್ತವೆ. ನಿಮ್ಮಲ್ಲಿ ಸೀಟು ತೆಗೆದಿದ್ದೀರಿ, ಹಾಗಾಗಿ ಒಂದೊಂದು ಸೀಟಿಗೂ ನಾಲ್ಕಾರು ತೂತು ಮ್ಯಾಟಿನ ಕೆಳಗೆ ಹಾಗೇ ಇರಬಹುದು. ಮ್ಯಾಟ್ ಎತ್ತಿ ನೋಡಿ. ಸೈಲೆನ್ಸರ್ ಪೈಪ್ ಎಲ್ಲಾದರೂ ಸೋರುತ್ತಿದ್ದರೆ ಹೊಗೆ ಅದೇ ತೂತುಗಳಿಂದ ಮೇಲೆ ಬರುತ್ತದೆ. ಎಲ್ಲವನ್ನೂ ತಗಡು, ಸೀಲಂಟ್ ಹಾಕಿ ಮುಚ್ಚಿಸಿ.

ಕಾರ್ಬನ್ ಮೋನಾಕ್ಸೈಡ್ ಅಲಾರಂ ಅಂತ ಬ್ಯಾಟರಿಯಲ್ಲಿ ನಡೆಯುವ ಸಣ್ಣ ಡಬ್ಬಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹೊಗೆಯ ಅಲಾರಂ ಬೇರೆ, ಇದು ಬೇರೆ. ನೋಡಿ ತಗೊಳ್ಳಿ. ಈ ಅನಿಲದ ತೂಕ ಹೆಚ್ಚುಕಮ್ಮಿ ಗಾಳಿಯಷ್ಟೇ ಇರುವುದರಿಂದ ಎಲ್ಲ ಕಡೆ ಹರಡುತ್ತದೆ. ಮಲಗಿದಾಗ ತಲೆ ಬರುವ ಎತ್ತರದಲ್ಲಿ, ಮಂಚದ ಹತ್ತಿರದ ಗೋಡೆಗೆ ಹಾಕಿ. ಇದು ಬರುವ ತನಕ ಬಸ್ಸಿನಲ್ಲಿ ಮಲಗಬೇಡಿ. ಇನ್ನೆಂದಾದರೂ ಎಲ್ಲರಿಗೂ ಒಟ್ಟಿಗೆ ತಲೆ ಭಾರ ಅನಿಸಿದರೆ, ಕಾರಣ ಹುಡುಕುತ್ತಾ ಕೂರದೆ ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆಗೆ ಹೋಗಿ. ಕೆಂಡ ಇತ್ತು ಅಂತ ವೈದ್ಯರಿಗೆ ತಪ್ಪದೆ ಹೇಳಿ. ಹೇಳದಿದ್ದರೆ ಅವರಿಗೂ ಹೊಳೆಯುವುದು ಕಷ್ಟ.

ಚಾವಣಿಯಿಂದ ತೊಟ್ಟಿಕ್ಕಿದ ನೀರೂ ಇದೇ ಕಥೆಯ ಇನ್ನೊಂದು ಭಾಗ. ಚಾವಣಿ ಸೋರುತ್ತಿದೆ ಅಂತ ನಿಮ್ಮವರು ಟಾರ್ ಶೀಟ್ ಅಂಟಿಸಲು ಹೊರಟಿರಬಹುದು. ಸ್ವಲ್ಪ ತಡೆಯಿರಿ. ಡಿಸೆಂಬರ್‌ನಲ್ಲಿ ಮಳೆ ಇಲ್ಲದ ರಾತ್ರಿ ತೊಟ್ಟಿಕ್ಕಿದ್ದರೆ, ಮೇಲಿನ ಟ್ಯಾಂಕ್ ಸೋರುತ್ತಿಲ್ಲ ಅಂದರೆ, ಅದು ನಿಮ್ಮದೇ ಉಸಿರಿನ ನೀರು. ಐದು ಜನ ರಾತ್ರಿಯಿಡೀ ಬಿಡುವ ಉಸಿರಿನಲ್ಲಿ ಒಂದು ಲೀಟರ್ ಹತ್ತಿರ ನೀರಿನ ಆವಿ ಇರುತ್ತದೆ. ಅನ್ನ ಬೇಯಿಸಿದ ಆವಿ ಬೇರೆ. ಹೊರಗೆ ಮಂಜು ಬಿದ್ದು ತಣ್ಣಗಾದ ತಗಡಿಗೆ ಅದು ತಾಗಿ ಹನಿಯಾಗುತ್ತದೆ. ಒಳಗಿನ ಗಾಳಿ ಹೊರಗೆ ಹೋಗುತ್ತಿಲ್ಲ ಎಂದು ಆ ಹನಿಗಳೇ ಹೇಳುತ್ತಿದ್ದವು. ತಲೆನೋವಿಗೂ ಹನಿಗೂ ಮೂಲ ಒಂದೇ, ಮುಚ್ಚಿದ ಕಿಟಕಿ.

ಚಳಿಯಲ್ಲಿ ಕಿಟಕಿ ತೆರೆದು ಮಲಗಿ ಅಂದರೆ ಅತ್ತೆಯವರು ಒಪ್ಪೋದಿಲ್ಲ, ಗೊತ್ತು. ಎದುರುಬದುರಿನ ಎರಡು ಕಿಟಕಿಗಳನ್ನು ಎರಡೆರಡು ಬೆರಳಿನಷ್ಟು ತೆರೆದಿಟ್ಟರೆ ಸಾಕು. ಸೊಳ್ಳೆ ಮೆಶ್ ಹಾಕಿಸಿ. ಚಾವಣಿಯಲ್ಲಿ ಒಂದು ವೆಂಟ್ ಮಾಡಿಸಿದರೆ ಇನ್ನೂ ಒಳ್ಳೆಯದು. ಬಿಸಿ ಗಾಳಿ ಮೇಲಿಂದ ಹೋಗುತ್ತದೆ, ತಂಪು ಗಾಳಿ ಕೆಳಗಿಂದ ಬರುತ್ತದೆ. ಬೆಚ್ಚಗಿರಲು ದಪ್ಪ ರಗ್ಗು, ಕಾಲಿಗೆ ಬಿಸಿನೀರಿನ ಬ್ಯಾಗ್, ಹಾಸಿಗೆ ಕೆಳಗೆ ಫೋಮ್ ಶೀಟ್. ಚಳಿ ಹೆಚ್ಚಾಗಿ ಹತ್ತುವುದು ಕೆಳಗಿನಿಂದ. ಗೋಡೆಗೆ, ಚಾವಣಿಗೆ ಇನ್ಸುಲೇಶನ್ ಹಾಕಿಸುವುದಾದರೆ ನೀರು ಹೀರದ ನೈಟ್ರೈಲ್ ರಬ್ಬರ್ ಅಥವಾ ಎಕ್ಸ್‌ಎಲ್‌ಪಿಇ ಫೋಮ್ ಹಾಕಿಸಿ. ಗಾಜಿನ ಉಣ್ಣೆ ಮಲೆನಾಡಿನ ತೇವಕ್ಕೆ ನೀರು ಹಿಡಿದು ಕೂರುತ್ತದೆ, ಅದರ ಹಿಂದೆ ತಗಡು ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ. ಈಗಲೇ ಹಾಸಿಗೆ ಎತ್ತಿ ಮಂಚದ ಪ್ಲೈವುಡ್ ಮೇಲ್ಭಾಗ ನೋಡಿ. ಕಪ್ಪು ಚುಕ್ಕಿ ಚುಕ್ಕಿಯಾಗಿ ಬೂಷ್ಟು ಬಂದಿದ್ದರೆ ಹಲಗೆಯಲ್ಲಿ ಅಲ್ಲಲ್ಲಿ ರಂಧ್ರ ಕೊರೆಸಿ, ಗಾಳಿ ಆಡಲಿ.

ಈಗ ಬ್ರೇಕಿಗೆ ಬರೋಣ. ಬಸ್ಸು ಹಳೇದು, ಅದಕ್ಕೇ ಬ್ರೇಕ್ ಕೈಕೊಟ್ಟಿತು ಅಂತ ನಿಮ್ಮವರು ಅಂದುಕೊಂಡಿರಬಹುದು. ಸೀಟು ತೆಗೆದ ಮೇಲೆ ಬಸ್ಸು ಹಗುರಾಗಿದೆ ಅಂತಲೂ ಅಂದುಕೊಂಡಿರಬಹುದು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಹೀಗೇ ಅಂದುಕೊಂಡು ಬರುತ್ತಾರೆ. ಲೆಕ್ಕ ಹಾಕಿ ನೋಡೋಣ. ಒಂದು ಮಗುವಿಗೆ 30 ಕೆಜಿ ಅಂತ ಹಿಡಿದರೆ ಇಪ್ಪತ್ತು ಮಕ್ಕಳಿಗೆ 600 ಕೆಜಿ. ನಿಮ್ಮ ನೀರಿನ ಟ್ಯಾಂಕ್ ತುಂಬಿದರೆ ಅದೊಂದೇ 300 ಕೆಜಿ. 18 ಎಂಎಂ ಪ್ಲೈವುಡ್‌ನ ಎಂಟಡಿ ನಾಲ್ಕಡಿ ಶೀಟ್ ಒಂದಕ್ಕೆ 30 ಕೆಜಿ ದಾಟುತ್ತದೆ. ಎರಡು ಮಂಚ, ಅಡುಗೆ ಕಟ್ಟೆ, ಕಪಾಟು ಅಂದರೆ ಹತ್ತು ಶೀಟ್ ಹೋಗಿರುತ್ತದೆ. ಅಲ್ಲಿಗೆ ಇನ್ನೊಂದು 300 ಆಯಿತು. ಮಕ್ಕಳ ತೂಕದ ಜಾಗ ಇಷ್ಟಕ್ಕೇ ತುಂಬಿತು. ನೀವು ಐದು ಜನ, ಬ್ಯಾಟರಿ, ಪಾತ್ರೆ, ಹಾಸಿಗೆ, ಬಟ್ಟೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಮಕ್ಕಳು ಶಾಲೆ ಹತ್ತಿರ ಇಳಿದುಬಿಡುತ್ತಿದ್ದರು. ಮಂಚ, ಕಪಾಟು ಇಳಿಯುವುದಿಲ್ಲ. ಆ ಬಸ್ಸು ಇಷ್ಟು ದಿನ ಊರೊಳಗೆ ಓಡಾಡಿತ್ತು, ಈಗ ಇಷ್ಟು ಭಾರ ಹೊತ್ತು ಚಾರ್ಮಾಡಿ ಇಳಿಯಿತು.

ಪೆಡಲ್ ಮೆತ್ತಗಾಗಲು ಕಾರಣ ಹೀಗೆ. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಲೈನರ್ (ಉಜ್ಜಿ ಬ್ರೇಕ್ ಹಿಡಿಯುವ ಪಟ್ಟಿ) ಮತ್ತು ಡ್ರಮ್ (ಅದು ಉಜ್ಜುವ ಚಕ್ರದ ಬಟ್ಟಲು) ವಿಪರೀತ ಬಿಸಿಯಾಗುತ್ತವೆ. ಆ ಸುಟ್ಟ ವಾಸನೆ ಲೈನರಿನದು. ಆ ಬಿಸಿ ಬ್ರೇಕ್ ಆಯಿಲ್‌ಗೂ ತಲುಪುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವ ದ್ರವ. ಡಾಟ್ 3 ಎಂಬ ಸಾಮಾನ್ಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ 140ಕ್ಕೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಬ್ರೇಕ್ ಹಿಡಿಯುತ್ತದೆ, ಗುಳ್ಳೆ ಒತ್ತಿದರೆ ಸುಮ್ನೆ ಕುಗ್ಗುತ್ತದೆ. ತಣ್ಣಗಾದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಗಿರಬೇಕು, ಅಲ್ವಾ? ಅದರಿಂದಲೇ ಮೋಸ ಹೋಗಬೇಡಿ. ಈಗ ಚೆನ್ನಾಗಿದೆ ಅಂದರೆ ಸರಿಹೋಗಿದೆ ಅಂತ ಅಲ್ಲ. ಮುಂದಿನ ಘಾಟಿಗೆ ಕಾಯುತ್ತಿದೆ ಅಷ್ಟೇ.

ನಾಲ್ಕೂ ಡ್ರಮ್ ಬಿಚ್ಚಿಸಿ. ಲೈನರ್ ಮೇಲೆ ಕನ್ನಡಿಯ ಹಾಗೆ ಹೊಳಪು ಬಂದಿದ್ದರೆ ಬದಲಾಯಿಸಿ, ಉಜ್ಜಿ ವಾಪಸ್ ಹಾಕುವ ಕೆಲಸ ಬೇಡ. ಬ್ರೇಕ್ ಆಯಿಲ್ ಪೂರ್ತಿ ಹೊರಗೆ ಹಾಕಿಸಿ, ಕಂಪನಿ ಹೇಳಿದ ದರ್ಜೆಯದ್ದನ್ನೇ ಹೊಸದಾಗಿ ತುಂಬಿಸಿ, ಗಾಳಿ ತೆಗೆಸಿ. ಎರಡು ವರ್ಷಕ್ಕೊಮ್ಮೆ ಇದನ್ನು ತಪ್ಪದೆ ಮಾಡಿಸಿ. ವೀಲ್ ಸಿಲಿಂಡರ್ ಸೋರುತ್ತಿದೆಯಾ, ವ್ಯಾಕ್ಯೂಮ್ ಬೂಸ್ಟರ್ ಸರಿ ಇದೆಯಾ ಅಂತಲೂ ನೋಡಿಸಿ. ಹಾಗೇ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ ಹುಡುಕಿ. 3218 ಅಂತಿದ್ದರೆ ಅದು 2018ರ 32ನೇ ವಾರದ ಟೈರು. ಶಾಲಾ ಬಸ್ಸು ಓಡುವುದು ಕಮ್ಮಿ. ಹಾಗಾಗಿ ರಸ್ತೆ ಹಿಡಿಯುವ ಟೈರಿನ ಗುಂಡಿಗಳು ಸವೆಯದೆ ಆಳವಾಗಿಯೇ ಇರುತ್ತವೆ, ರಬ್ಬರ್ ಮಾತ್ರ ಮುದಿಯಾಗಿರುತ್ತದೆ. ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕು ಕಂಡರೆ ಗುಂಡಿ ಎಷ್ಟೇ ಇರಲಿ, ತೆಗೆದುಬಿಡಿ.

ಓಡಿಸುವ ವಿಷಯದಲ್ಲಿ ಘಾಟಿಯ ಹಳೇ ಡ್ರೈವರ್‌ಗಳು ಹೇಳುವ ಮಾತೇ ಸರಿ. ಹತ್ತಲು ಯಾವ ಗೇರೋ ಇಳಿಯಲೂ ಅದೇ ಗೇರು. ಗೇರನ್ನು ಇಳಿಜಾರು ಶುರುವಾಗುವ ಮೊದಲೇ, ಘಾಟಿಯ ಮೇಲಿನ ಊರು ಕೊಟ್ಟಿಗೆಹಾರ ಬಿಡುವಾಗಲೇ ಇಳಿಸಿಕೊಳ್ಳಬೇಕು. ಬ್ರೇಕನ್ನು ಸವರುತ್ತಾ ಬರಬಾರದು. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಟ್ಟುಬಿಡಬೇಕು, ಆಗ ಡ್ರಮ್‌ಗೆ ಆರಲು ಪುರುಸೊತ್ತು ಸಿಗುತ್ತದೆ. ನ್ಯೂಟ್ರಲ್ ಅಂತೂ ಯಾವತ್ತೂ ಬೇಡ. ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಕಾಯಿರಿ. ಕಾದ ಡ್ರಮ್ ಮೇಲೆ ನೀರು ಹಾಕಬೇಡಿ, ಬಿರುಕು ಬಿಡುತ್ತದೆ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದು ಹೋಗಿ. ಹಿಂದೆ ಮಂಜಿನಲ್ಲಿ ಬೈಕಿನವರು ಬರುತ್ತಿರುತ್ತಾರೆ.

ಮೇಲಿನ ಟ್ಯಾಂಕ್ ಕೆಳಗಿಳಿಸಿ. ಇದಕ್ಕೆ ಬೇರೆ ಆಯ್ಕೆ ಕೊಡಲಾರೆ. ಚಾವಣಿಯ ಮೇಲೆ 300 ಕೆಜಿ ಇಟ್ಟು ಹೇರ್‌ಪಿನ್ ತಿರುವಿಗೆ ಹೋದರೆ ಬಸ್ಸು ಹೊರಕ್ಕೆ ವಾಲುತ್ತದೆ. ಟ್ಯಾಂಕ್ ಅರ್ಧ ಖಾಲಿಯಾದರೆ ಸುರಕ್ಷಿತ ಅಂದುಕೊಳ್ಳುತ್ತಾರೆ. ಆಗ ನೀರು ಒಂದು ಬದಿಯಿಂದ ಇನ್ನೊಂದು ಬದಿಗೆ ಹೊಯ್ದಾಡಿ ವಾಲುವುದನ್ನು ಹೆಚ್ಚಿಸುತ್ತದೆ. ಇಪ್ಪತ್ತು ಲೀಟರಿನ ಎರಡು ಮೂರು ಕ್ಯಾನ್ ಸಾಕು. ನೆಲದ ಮೇಲೆ, ಎರಡು ಆಕ್ಸಲ್‌ಗಳ ನಡುವೆ ಕಟ್ಟಿಡಿ. ನಮ್ಮ ಮಲೆನಾಡಿನಲ್ಲಿ ನೀರು ಸಿಗದ ಊರು ಇದೆಯಾ ಹೇಳಿ! ಆಮೇಲೆ ಎಲ್ಲ ಸಾಮಾನು ತುಂಬಿ, ಮನೆಯವರೆಲ್ಲ ಕೂತು, ವೇ ಬ್ರಿಡ್ಜ್‌ಗೆ ಒಯ್ಯಿರಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಕ ಬರೆದುಕೊಳ್ಳಿ, ಆಮೇಲೆ ಪೂರ್ತಿ ಗಾಡಿಯದ್ದು. ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕಕ್ಕಿಂತ ಜಾಸ್ತಿ ಬಂದರೆ ಪ್ಲೈವುಡ್ ತೆಗೆಯಲೇಬೇಕು. ಮುಂದಿನ ಚಕ್ರದ ತೂಕ ತೀರಾ ಕಮ್ಮಿ ಇದ್ದರೆ ಭಾರವೆಲ್ಲ ಹಿಂದೆ ಕೂತಿದೆ ಅಂತ ಅರ್ಥ. ಮಳೆಯಲ್ಲಿ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗದೆ ಜಾರುತ್ತದೆ. ಸ್ವಂತ ಗಾಡಿಯ ತೂಕ ಎಷ್ಟು ಅಂತ ಗೊತ್ತಿಲ್ಲದೆ ಘಾಟಿಗೆ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ವೇ ಬ್ರಿಡ್ಜ್‌ನಲ್ಲಿ ಇದು ಹತ್ತು ನಿಮಿಷದ ಕೆಲಸ.

ಗಾಡಿ ಓಡುವಾಗ ಮಕ್ಕಳು ಮಂಚದ ಮೇಲೆ ಮಲಗಿರುತ್ತಾರಾ? ನೀವು ಬರೆದಿಲ್ಲ, ಆದರೆ ಬಹಳ ಮನೆಗಳಲ್ಲಿ ಹಾಗೇ ಆಗುತ್ತದೆ. ದಯವಿಟ್ಟು ಬೇಡ. ನಾಲ್ಕು ಸೀಟು ಮುಂದಕ್ಕೆ ಮುಖ ಮಾಡಿ, ಬೆಲ್ಟ್ ಸಮೇತ, ಮುಂದಿನ ಭಾಗದಲ್ಲಿ ಉಳಿಸಿಕೊಳ್ಳಿ. ಬೆಲ್ಟನ್ನು ಪ್ಲೈವುಡ್‌ಗೆ ಸ್ಕ್ರೂ ಹಾಕಿ ಕೂರಿಸಿದರೆ ಪ್ರಯೋಜನ ಇಲ್ಲ, ನೆಲದ ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಆಗಬೇಕು. ನಾಲ್ಕು ವರ್ಷದವನಿಗೆ ಮಕ್ಕಳ ಸೀಟು ಬೇರೆ ಬೇಕು. ಮುಂದೆ ಕೂತು ರಸ್ತೆ ನೋಡುತ್ತಿದ್ದರೆ ಘಾಟಿಯ ವಾಂತಿಯೂ ಬಹಳ ಕಮ್ಮಿ. ಹಿಂದಿನ ಆಕ್ಸಲ್ ದಾಟಿ ಕೂತವರಿಗೇ ಕುಲುಕಾಟ ಜಾಸ್ತಿ.

ಗ್ಯಾಸ್ ಬಗ್ಗೆ ನಿಮ್ಮ ನೆಂಟರ ಮಾತಿನಲ್ಲಿ ಅರ್ಧ ನಿಜ ಇದೆ. ಸಿಲಿಂಡರ್ ತಾನಾಗಿ ಸಿಡಿಯುವುದಿಲ್ಲ. ಅಪಾಯ ಇರುವುದು ಸೋರುವುದರಲ್ಲಿ. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲ ಕೆಳಗಿಂದ ಸ್ವಲ್ಪವಾದರೂ ಹೊರಗೆ ಹೋಗಬಹುದು. ಬಸ್ಸಿನ ನೆಲ ತಟ್ಟೆಯ ಹಾಗೆ, ಸೋರಿದ ಗ್ಯಾಸ್ ಅಲ್ಲೇ ತುಂಬಿಕೊಂಡು ಕೂರುತ್ತದೆ. ಅದೂ ನಮ್ಮ ರಸ್ತೆಗಳ ಕುಲುಕಾಟಕ್ಕೆ ಪೈಪಿನ ಜಾಯಿಂಟ್ ಸಡಿಲವಾಗುವುದು ಮಾಮೂಲು. ಹಾಗಾಗಿ ನನ್ನ ಮೊದಲ ಸಲಹೆ, ಅಡುಗೆಯನ್ನು ಹೊರಗೇ ಮಾಡಿ. ಪಕ್ಕಕ್ಕೆ ಒಂದು ತಾರ್ಪಾಲ್ ಚಪ್ಪರ ಎಳೆದು, ಸಣ್ಣ ಒಲೆ, 5 ಕೆಜಿ ಸಿಲಿಂಡರ್. ಮಳೆಗಾಲದಲ್ಲಿ ಒಳಗೇ ಆಗಬೇಕು ಅಂದರೆ ಸಿಲಿಂಡರಿಗೆ ಒಳಗಿನಿಂದ ಪೂರ್ತಿ ಮುಚ್ಚಿದ, ಹೊರಗಿನಿಂದ ಬಾಗಿಲಿರುವ, ತಳದಲ್ಲಿ ಕೆಳಕ್ಕೆ ತೂತಿರುವ ಪೆಟ್ಟಿಗೆ ಮಾಡಿಸಿ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಬೆಲ್ಟ್ ಹಾಕಿರಬೇಕು. ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್. ಪ್ರತಿ ಪ್ರವಾಸಕ್ಕೆ ಮೊದಲು ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಇಂಡಕ್ಷನ್ ಒಲೆ ಇಡುತ್ತೇವೆ ಅಂದರೆ ಹೋಂಸ್ಟೇಗಳಲ್ಲಿ ಕರೆಂಟ್ ಪ್ಲಗ್ ಸಿಕ್ಕಾಗ ಮಾತ್ರ ಅನುಕೂಲ. 2000 ವಾಟ್ ಒಲೆಯನ್ನು 12 ವೋಲ್ಟ್ ಬ್ಯಾಟರಿಯಿಂದ ನಡೆಸಲು 160 ಆಂಪಿಯರ್‌ಗೂ ಹೆಚ್ಚು ಬೇಕು. ಮನೆ ವೈರಿಂಗ್ ಮಾಡುವವರು ಹಾಕಿದ ತೆಳು ತಂತಿ ಅದಕ್ಕೆ ಕಾದು ಕರಗುತ್ತದೆ. ಇನ್ವರ್ಟರ್ ಬ್ಯಾಟರಿ ಮಂಚದ ಕೆಳಗೆ ಇದ್ದರೆ ಅದನ್ನೂ ಅಲ್ಲಿಂದ ತೆಗೆಸಿ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ, ಅದಕ್ಕೂ ಹೊರಗಿನ ಗಾಳಿ ಬೇಕು. ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಇರಲಿ.

ಕಾಗದಪತ್ರದ ವಿಷಯ. ಪೊಲೀಸರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು ಎಂದು ಸೇರಿಸಿದರು. ಸ್ವಂತಕ್ಕೆ ತಾನೇ, ಯಾರು ಕೇಳ್ತಾರೆ ಎನ್ನುವ ಮಾತು ನಡೆಯುವುದಿಲ್ಲ. ದಂಡಕ್ಕಿಂತ ನನಗೆ ಚಿಂತೆ ವಿಮೆಯದ್ದು. ಆರ್‌ಸಿಯಲ್ಲಿ ಶಾಲಾ ಬಸ್ಸು, ಒಳಗೆ ಮಂಚ. ನಾಳೆ ಅಪಘಾತವಾದರೆ ಕ್ಲೇಮ್ ತಿರಸ್ಕರಿಸಲು ಇಷ್ಟು ಸಾಕು. ಎದುರಿನವರಿಗೆ ಏಟಾಗಿದ್ದರೆ ಆ ಹೊರೆ ನಿಮ್ಮ ತಲೆಗೇ ಬರಬಹುದು.

ಹಾಗಂತ ದಾರಿ ಮುಚ್ಚಿಲ್ಲ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಎಂಬ ವರ್ಗವೇ ಕಾನೂನಿನಲ್ಲಿದೆ, ಅದು ಬಿಳಿ ಬೋರ್ಡಿನ ಗಾಡಿ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್ 124 ಎಂಬ ಮಾನದಂಡವೂ ಇದೆ. ನಿಮ್ಮ ಮುಂದೆ ಮೂರು ದಾರಿ ಕಾಣುತ್ತವೆ. ಒಂದು, ಇನ್ನೊಂದು ಮೊಳೆ ಹೊಡೆಯುವ ಮೊದಲು ಆರ್‌ಸಿ, ಒಳಗಿನ ನಕ್ಷೆ, ಫೋಟೊ ಹಿಡಿದು ಹಾಸನದ ಆರ್‌ಟಿಒ ಕಚೇರಿಗೆ ಹೋಗಿ, ವರ್ಗ ಬದಲಾವಣೆಗೆ ಏನೇನು ಬೇಕು ಅಂತ ಬರಹದಲ್ಲಿ ಕೇಳುವುದು. ಹಳೇ ಪರ್ಮಿಟ್ ರದ್ದಾಗಬೇಕು, ತೆರಿಗೆ ಬಾಕಿ ಇರಬಾರದು, ಹಳದಿ ಬಣ್ಣ ಮತ್ತು ಶಾಲೆಯ ಹೆಸರು ಹೋಗಬೇಕು, ಆಮೇಲೆ ತಪಾಸಣೆ. ಖರ್ಚು ಇದೆ, ಓಡಾಟ ಇದೆ, ಹಳೇ ಗಾಡಿಗೆ ಒಪ್ಪಿಗೆ ಸಿಗದೇ ಹೋಗುವ ಸಂಭವವೂ ಇದೆ. ಎರಡು, ಬಡಗಿ ಮಾಡಿದ್ದನ್ನು ಬಿಚ್ಚಿ, ಸೀಟುಗಳನ್ನು ವಾಪಸ್ ಕೂರಿಸಿ, ಬಸ್ಸನ್ನು ಮನೆಯವರ ಓಡಾಟದ ಗಾಡಿಯಾಗಿ ನೋಂದಾಯಿಸಿ, ಮಲಗಲು ಡೇರೆ ಅಥವಾ ಹೋಂಸ್ಟೇ. ಹಾಸಿಗೆ, ಒಲೆ ಎಲ್ಲ ಲಗೇಜ್ ಆಗಿ ಬರುತ್ತದೆ. ಇದು ಅಗ್ಗ, ತೂಕವೂ ಇಳಿಯುತ್ತದೆ, ಆದರೆ ನಿಮ್ಮ ಮಕ್ಕಳ ಆ ಮಂಚದ ಖುಷಿ ಹೋಗುತ್ತದೆ. ಮೂರು, ಬಸ್ಸು ಮಾರಿ, ಅನುಮೋದನೆ ಪಡೆದ ಕ್ಯಾರವಾನನ್ನು ವರ್ಷಕ್ಕೆ ಒಂದೆರಡು ಸಲ ಬಾಡಿಗೆಗೆ ತಗೊಳ್ಳುವುದು.

ನಾನಾಗಿದ್ದರೆ ಮೊದಲು ಚಾಸಿಸ್, ಅಂದರೆ ಗಾಡಿಯ ತಳದ ಕಬ್ಬಿಣದ ಚೌಕಟ್ಟು, ನೋಡಿಸುತ್ತಿದ್ದೆ. ಹೊರಗಿನ ತಗಡಿನ ತುಕ್ಕು ಪರವಾಗಿಲ್ಲ, ಕತ್ತರಿಸಿ ಬೇರೆ ಹಾಕಬಹುದು. ಚಾಸಿಸ್ ತೊಲೆಗಳಲ್ಲಿ, ಸ್ಪ್ರಿಂಗ್ ಪಟ್ಟಿ ಕೂರುವ ಬ್ರಾಕೆಟ್‌ಗಳಲ್ಲಿ ಸುತ್ತಿಗೆಯಿಂದ ತಟ್ಟಿದರೆ ಪದರ ಪದರ ಉದುರುತ್ತಿದ್ದರೆ ಮಾರಿಬಿಡಿ, ದುಡ್ಡು ಸುರಿಯಬೇಡಿ. ಗಟ್ಟಿಯಾಗಿದ್ದರೆ ಮೊದಲ ದಾರಿಗೆ ಹೋಗಿ. ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ಒಟ್ಟು ತೂಕ 7,500 ಕೆಜಿ ಮೀರದಿದ್ದರೆ ಕಾರಿನ ಎಲ್‌ಎಂವಿ ಲೈಸೆನ್ಸ್ ಸಾಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ರಾತ್ರಿ ಎಲ್ಲಿ ನಿಲ್ಲಿಸುವುದು ಎನ್ನುವುದನ್ನೂ ಬೇಗ ಹೇಳಿಬಿಡುತ್ತೇನೆ. ಮೀಸಲು ಅರಣ್ಯ, ಭದ್ರಾ, ಕುದುರೆಮುಖದ ಕಡೆ ಅನುಮತಿ ಇಲ್ಲದೆ ರಾತ್ರಿ ತಂಗುವುದು ಅಪರಾಧ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ತೋಟಗಳಲ್ಲಿ ಆನೆ ಓಡಾಟ ಇದೆ. ತೋಟದ ರೈಟರ್ (ಲೆಕ್ಕ, ಕೆಲಸ ನೋಡಿಕೊಳ್ಳುವವರು) ಅಥವಾ ಕೂಲಿಯವರನ್ನು ಕೇಳದೆ ಜಾಗ ಆರಿಸಬೇಡಿ. ಅವರು ಬೇಡ ಅಂದ ಕಡೆ ನಿಲ್ಲಬೇಡಿ. ಬೇಸಿಗೆಯಲ್ಲಿ ಹಲಸಿನ ಮರದ ಕೆಳಗೆ ನೆರಳಿದೆ ಅಂತ ನಿಲ್ಲಿಸುವುದು ಆನೆಯ ಊಟದ ಮನೆಯಲ್ಲಿ ಮಲಗಿದಂತೆ. ಬಾಳೆಹಣ್ಣು, ಉಪ್ಪು, ಅಕ್ಕಿ ಹೊರಗೆ ಬಿಡಬೇಡಿ. ಮನೆ ಹತ್ತಿರದ ಅಂಗಳವೇ ಒಳ್ಳೆಯದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಬೇಸಿಗೆಯಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅದು ಉಣ್ಣೆ ಎಂಬ ರಕ್ತ ಹೀರುವ ಸಣ್ಣ ಹುಳದಿಂದ ಬರುವುದು, ಮಕ್ಕಳನ್ನು ತರಗೆಲೆಯ ಮೇಲೆ ಕೂರಿಸಬೇಡಿ.

ಕೆಮ್ಮಣ್ಣುಗುಂಡಿ ಈ ಬೇಸಿಗೆಗೆ ಬಸ್ಸಿನಲ್ಲಿ ಬೇಡ. ಲಿಂಗದಹಳ್ಳಿ ಕಡೆಯಿಂದ ಹತ್ತುವ ದಾರಿ ಕಿರಿದು, ತಿರುವು ಜಾಸ್ತಿ. ಬ್ರೇಕ್ ಮಾಡಿಸಿದ ಮೇಲೆ ಮೊದಲು ಬಯಲು ದಾರಿಯಲ್ಲಿ ಹಳೇಬೀಡು, ಬೆಳವಾಡಿ ಕಡೆ ಒಂದು ರಾತ್ರಿ ಹೋಗಿ ಬನ್ನಿ. ಸದ್ದು, ಸೋರಿಕೆ, ಸಡಿಲವಾದ ಸ್ಕ್ರೂ ಎಲ್ಲ ಅಲ್ಲೇ ಗೊತ್ತಾಗುತ್ತದೆ, ಮೆಕ್ಯಾನಿಕ್ಕೂ ಹತ್ತಿರದಲ್ಲೇ ಸಿಗುತ್ತಾನೆ. ಕೆಮ್ಮಣ್ಣುಗುಂಡಿಗೆ ಹೋಗಲೇಬೇಕು ಅಂದರೆ ಬಸ್ಸನ್ನು ಕೆಳಗೆ ಬಿಟ್ಟು ಬಾಡಿಗೆ ಜೀಪಿನಲ್ಲಿ ಹತ್ತಿ.

ಇನ್ನು ಅತ್ತೆಯವರ ಮಾತು. ಅವರು ಬರೋದಿಲ್ಲ ಅನ್ನುವುದಕ್ಕೆ ತಲೆನೋವೊಂದೇ ಕಾರಣ ಇರಲಿಕ್ಕಿಲ್ಲ, ಸಮಾಧಾನವಾಗಿ ಕೇಳಿ ನೋಡಿ. ವಯಸ್ಸಾದ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನಡುರಾತ್ರಿ ಶೌಚಕ್ಕೆ ಕತ್ತಲಲ್ಲಿ ಇಳಿಯಬೇಕಲ್ಲ ಅನ್ನುವುದೇ ಬಹಳ ಸಲ ಅವರ ಭಯ. ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಎತ್ತರಕ್ಕಿರುತ್ತದೆ, ಮಂಡಿ ನೋವಿದ್ದರೆ ಅದು ಗೋಡೆ ಹತ್ತಿದ ಹಾಗೇ. ಕೆಳಗೆ ಮಡಚುವ ಇನ್ನೊಂದು ಮೆಟ್ಟಿಲು, ಎರಡೂ ಕಡೆ ಹಿಡಿಕೆ, ಅಲ್ಲೊಂದು ಸಣ್ಣ ದೀಪ ಹಾಕಿಸಿ. ಒಳಗೆ ಪರದೆ ಹಿಂದೆ ಒಂದು ಪೋರ್ಟಬಲ್ ಟಾಯ್ಲೆಟ್ ಇಟ್ಟರೆ ರಾತ್ರಿ ಇಳಿಯುವ ಅಗತ್ಯವೇ ಇಲ್ಲ. ಅದನ್ನು ಬೆಳಗ್ಗೆ ಯಾರದಾದರೂ ಮನೆಯ ಶೌಚಾಲಯದಲ್ಲೇ ಖಾಲಿ ಮಾಡಿ, ಹಳ್ಳಕ್ಕೆ ಸುರಿಯಬೇಡಿ. ಸಕಲೇಶಪುರ, ಬೇಲೂರು ಕಡೆಯ ಹೆಚ್ಚಿನ ಹಳ್ಳಗಳು ಹೇಮಾವತಿ, ಯಗಚಿ ನದಿಗಳಿಗೆ ಸೇರುತ್ತವೆ, ಕೆಳಗಿನ ಊರಿನವರು ಅದನ್ನೇ ಕುಡಿಯುತ್ತಾರೆ.